ಕೋಟೆಯ ಹಿತ್ತಲು, ಭದ್ರಾವತಿಯ ಅಡುಗೆಮನೆ

ಬೆಳಿಗ್ಗೆ ಒಗೆದು ತಂತಿಯ ಮೇಲೆ ಹರವಿದ ಬಿಳಿ ಸೀರೆ ಮಧ್ಯಾಹ್ನ ತೆಗೆಯುವಾಗ ಬೂದುಬಣ್ಣಕ್ಕೆ ತಿರುಗಿತ್ತು. ಕೊಡವಿದರೆ ಕಪ್ಪು ಹುಡಿ ಉದುರಿ ಮೂಗಿಗೆ ಬಂತು. ಮತ್ತೆ ಒಗೆದೆ, ಮತ್ತೆ ಹರವಿದೆ, ಸಂಜೆಗೆ ಮತ್ತೆ ಅದೇ ಬಣ್ಣ. ಪಕ್ಕದ ಕ್ವಾರ್ಟರ್ಸಿನ ಕಮಲಕ್ಕ ಬೇಲಿಯ ಆಚೆ ಸೊಂಟಕ್ಕೆ ಕೈಕೊಟ್ಟು ನಿಂತು ಇದನ್ನೆಲ್ಲ ನೋಡುತ್ತಿದ್ದರು. ಸೇಲಂ ಕಡೆಯವರು, ಕನ್ನಡ ಮಾತಾಡಿದರೆ ಅರ್ಧ ತಮಿಳು.

"ಬಿಳಿ ಸೀರೆ ಈ ಊರಲ್ಲಿ ಯಾರು ಕಟ್ತಾರೆ ಪಾಪ್ಪಾ? ಆ ಚಿಮ್ನಿ ಇರೋ ತನಕ ನಿನ್ನ ಸೀರೆ ಅದರದ್ದೇ. ಹೋಗಿ ಊದಾ ಕಲರ್ ತಗೋ."

ಪಾಪ್ಪಾ ಎಂದರೆ ತಮಿಳಿನಲ್ಲಿ ಮಗು. ಹತ್ತೊಂಬತ್ತು ವರ್ಷದ, ಬಿ.ಎಸ್ಸಿ. ಎರಡನೇ ವರ್ಷಕ್ಕೆ ಬಂದಿದ್ದ, ಬೆಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳಿಂದ 'ಮಿಸ್ ವತ್ಸಲಾ' ಎನ್ನಿಸಿಕೊಂಡಿದ್ದ ನಾನು ಭದ್ರಾವತಿಗೆ ಕಾಲಿಟ್ಟ ಎರಡನೇ ದಿನವೇ ಮಗುವಾದೆ. ಅಷ್ಟರಲ್ಲಿ ಕಾರ್ಖಾನೆಯ ಕೂಗು ಕೇಳಿತು. ಅಲ್ಲಿನವರು ಸೈರನ್ನಿಗೆ ಕೂಗು ಎನ್ನುತ್ತಾರೆ. 'ಎರಡನೇ ಕೂಗಿಗೆ ಅನ್ನಕ್ಕಿಡಬೇಕು', 'ಮೂರನೇ ಕೂಗಿಗೆ ಮಾವ ಬರ್ತಾರೆ' ಎಂಬುದು ಮನೆಯ ಗಡಿಯಾರ. ನಮ್ಮ ಕಾನ್ವೆಂಟಿನ ಗಂಟೆ ಹೊಡೆದರೆ ನಾವು ಸಾಲಾಗಿ ನಿಲ್ಲುತ್ತಿದ್ದೆವು. ಈ ಕೂಗು ಬಂದರೆ ಇಡೀ ಊರು ಸಾಲಾಗಿ ನಡೆಯುತ್ತಿತ್ತು, ಸೈಕಲ್ಲಿನ ಮೇಲೆ.

ಬೆಂಗಳೂರಿನಲ್ಲೇ ಉಳಿದ ನನ್ನ ಹಳೆಯ ಗೆಳತಿಯರು ಈಗಲೂ ಫೋನಿನಲ್ಲಿ ಕೇಳುವುದಿದೆ: "ಎರಡು ವರ್ಷಕ್ಕೆ ಅಂತ ಹೋದವಳು ಅಲ್ಲೇ ಯಾಕೆ ಉಳಿದೆ, ವಾಟ್ ಹ್ಯಾಪನ್ಡ್?" ಫೋನಿನಲ್ಲಿ ಹೇಳುವಂಥದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕೈ ನೋಯುತ್ತದೆ, ದಿನಕ್ಕೆ ಒಂದು ಪುಟಕ್ಕಿಂತ ಆಗುವುದಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಮ್ಮ ತೀರಿಕೊಂಡು ನಾಲ್ಕೈದು ತಿಂಗಳಾಗಿತ್ತು. ಅಪ್ಪ ಸರ್ವೆ ಇಲಾಖೆಯಲ್ಲಿದ್ದರು, ತಿಂಗಳಲ್ಲಿ ಇಪ್ಪತ್ತು ದಿನ ಟೆಂಟಿನಲ್ಲಿ. ತಾಯಿಯಿಲ್ಲದ ಹುಡುಗಿ ಹಾಸ್ಟೆಲಿನಲ್ಲಿ ಇರಕೂಡದು, ಮನೆ ಎಂಬ ಜಾಗದಲ್ಲಿ ಇರಬೇಕು ಎಂದು ಅವರಿಗೆ ಯಾರೋ ಹೇಳಿದರು. ಮನೆ ಎಂದರೆ ಅಪ್ಪನ ಅಕ್ಕ, ಶಾರದತ್ತೆಯ ಮನೆ. ಅತ್ತೆಯ ಗಂಡ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ನನ್ನ ಡಿಗ್ರಿಗೆ ತಕ್ಕ ಕಾಲೇಜು ಇದ್ದದ್ದು ಹತ್ತು ಹನ್ನೊಂದು ಮೈಲಿ ಆಚೆ ಶಿವಮೊಗ್ಗದಲ್ಲಿ. ಅಲ್ಲಿಗೆ ಬೆಳಗಿನ ರೈಲು. ಹೀಗೆ ನಾನು ಒಂದು ಊರಲ್ಲಿ ಮಲಗುವವಳೂ ಇನ್ನೊಂದು ಊರಲ್ಲಿ ಓದುವವಳೂ ಆದೆ.

ಹೊರಡುವಾಗ ಅಪ್ಪ ಒಂದೇ ಮಾತು ಹೇಳಿದ್ದರು. "ನೋಡು ವತ್ಸೂ, ವರ್ಷ ಹಾಳಾಗಬಾರದು. ಹಾಳಾದರೆ ಅಕ್ಕ ಹೇಳಿದ ಹಾಗೆ ಕೇಳಬೇಕಾಗತ್ತೆ." ಅಕ್ಕ ಹೇಳುತ್ತಿದ್ದದ್ದು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನ ಒಬ್ಬ ಹುಡುಗನ ವಿಷಯ. ಜಾತಕ ಆಗಲೇ ಕೂಡಿತ್ತು.

ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರು ನನ್ನ ಕಾಗದಗಳನ್ನು ತಿರುವಿ, ಕನ್ನಡಕದ ಮೇಲಿಂದ ನೋಡಿದರು.

"ಟ್ರಾನ್ಸ್‌ಫರ್ ಕೇಸಾ?"

"ಎಸ್ ಸರ್."

"ಬೆಂಗಳೂರು ಬಿಟ್ಟು ಇಲ್ಲಿಗ್ಯಾರಮ್ಮ ಬರ್ತಾರೆ? ಎಲ್ಲಾ ಇಲ್ಲಿಂದ ಅಲ್ಲಿಗೆ ಓಡ್ತಾರೆ. ನೀನು ಉಲ್ಟಾ."

ಹಾಜರಿ ಪುಸ್ತಕದಲ್ಲಿ ಎಲ್ಲರ ಹೆಸರೂ ಅಕ್ಷರಮಾಲೆಯ ಕ್ರಮದಲ್ಲಿ ಟೈಪಾಗಿತ್ತು. ನನ್ನದನ್ನು ಎಲ್ಲರ ಕೆಳಗೆ ಶಾಯಿಯಲ್ಲಿ ಬರೆದರು, ಅರವತ್ತನಾಲ್ಕನೇ ನಂಬರು. ಲೆಕ್ಚರರು ಅರವತ್ತಮೂರಕ್ಕೆ ಪುಸ್ತಕ ಮುಚ್ಚುವ ಅಭ್ಯಾಸದವರು. ನಾನು ಎದ್ದುನಿಂತು "ಸರ್, ಪ್ಲೀಸ್, ಸಿಕ್ಸ್ಟಿಫೋರ್" ಎನ್ನಬೇಕು, ಹಿಂದಿನ ಬೆಂಚುಗಳು ನನ್ನ ಇಂಗ್ಲಿಷಿನಲ್ಲೇ ಅದನ್ನು ಪುನಃ ಹೇಳಬೇಕು. ದಿನಾ ಅದೇ. ಮೊದಲ ಬೆಂಚಿನಲ್ಲಿ ನಾವು ಐದು ಜನ ಹುಡುಗಿಯರು. ಉಳಿದ ನಾಲ್ವರು ಊರಿನವರು, ನಾಲ್ಕು ಗಂಟೆಗೆ ಮನೆಗೆ ನಡೆದುಹೋಗುವವರು. ನಾನು ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಕೆಮಿಸ್ಟ್ರಿ ಓದುವವಳು. ಅಲ್ಲಿ ಬೆಂಗಳೂರಿನಲ್ಲಿ ಕ್ಲಾಸಿನಿಂದ ಕೋಣೆಗೆ ನೂರು ಹೆಜ್ಜೆ, ನಡುವೆ ಸಂಪಿಗೆ ಮರ. ಇಲ್ಲಿ ಕ್ಲಾಸಿನಿಂದ ಹಾಸಿಗೆಗೆ ಎರಡು ನದಿ ಇದ್ದವು, ತುಂಗೆಯ ದಡದಿಂದ ಭದ್ರೆಯ ದಡಕ್ಕೆ.

ರೈಲು ತಡವಾಗುತ್ತಿತ್ತು, ಮೊದಲ ಗಂಟೆಯ ಹಾಜರಿ ಹೋಗುತ್ತಿತ್ತು. ಅದನ್ನಾದರೂ ಹೇಳಿಕೊಳ್ಳಬಹುದಿತ್ತು. ಹೇಳಿಕೊಳ್ಳಲಾಗದ್ದು ಬೇರೆ.

ಅತ್ತೆಯ ಮನೆ ಮಡಿಯ ಮನೆ. ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಅವರು ಇಡೀ ಅಗ್ರಹಾರವನ್ನು ಮಡಚಿ ತಂದಿಟ್ಟುಕೊಂಡಿದ್ದರು. ತಿಂಗಳಿಗೆ ಮೂರು ದಿನ ನಾನು ಹಿಂದಿನ ವರಾಂಡಾದಲ್ಲಿ, ಇದ್ದಿಲು ಗೂಡಿನ ಪಕ್ಕ, ಒಂದು ಚಾಪೆ, ಒಂದು ಲೋಟ, ಒಂದು ತಟ್ಟೆಯ ಜೊತೆ ಕೂರಬೇಕಿತ್ತು. ಹೊರಗೆ ಹೋಗುವ ಹಾಗಿಲ್ಲ. ರೈಲಿನಲ್ಲಿ ಯಾರ ಯಾರನ್ನೋ ಮುಟ್ಟಿ ಬಂದು ಮತ್ತೆ ಅದೇ ಮನೆಯ ಗಾಳಿಗೆ ಬರುವುದು ಹೇಗೆ? ದೇವರ ಚಿತ್ರದ ಕ್ಯಾಲೆಂಡರಿನಲ್ಲಿ ನನ್ನ ದಿನಗಳನ್ನು ಅತ್ತೆಯೇ ಸಣ್ಣ ಕುಂಕುಮದ ಚುಕ್ಕೆಯಿಟ್ಟು ಗುರುತು ಮಾಡುತ್ತಿದ್ದರು. ನಾನು ಮರೆತರೂ ಅವರು ಮರೆಯುತ್ತಿರಲಿಲ್ಲ.

ಕೆಟ್ಟವರಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ಮೂರು ದಿನ ನನಗೆ ಇಷ್ಟವಾದದ್ದನ್ನೇ ಮಾಡಿ, ದೂರದಿಂದ ತಟ್ಟೆಗೆ ಹಾಕುತ್ತಿದ್ದರು. "ರೆಸ್ಟು ಕಣೇ, ಹುಡುಗಿಗೆ ರೆಸ್ಟು ಬೇಡ್ವೇ?" ಎನ್ನುತ್ತಿದ್ದರು. ಹಾಸ್ಟೆಲಿನಲ್ಲಿ ಸಿಸ್ಟರುಗಳು ಬಿಸಿನೀರಿನ ಚೀಲ ಕೊಟ್ಟು, ಬೆನ್ನು ತಟ್ಟಿ, ಕ್ಲಾಸಿಗೆ ಕಳಿಸುತ್ತಿದ್ದರು. ಮೂರು ದಿನ ಎಂಬುದು ಅಲ್ಲಿ ಇರಲೇ ಇಲ್ಲ. ಏಳು ವರ್ಷ ಅವರು ಕಲಿಸಿದ್ದನ್ನು ಅತ್ತೆ ನಾಲ್ಕೈದು ತಿಂಗಳಲ್ಲಿ ಒರೆಸಿಹಾಕಿದರು. ಬೈಯದೆ, ಹೊಡೆಯದೆ, ಬರೀ ದೂರದಿಂದ ಬಡಿಸಿ.

ದಸರಾ ರಜೆ ಮುಗಿದು ಕಾಲೇಜಿಗೆ ಹೋದರೆ ನೋಟಿಸ್ ಬೋರ್ಡಿನಲ್ಲಿ ಷಾರ್ಟೇಜ್ ಪಟ್ಟಿ ಅಂಟಿಸಿದ್ದರು. ಹಾಜರಿ ಸಾಲದವರಿಗೆ ಪರೀಕ್ಷೆಯ ಹಾಲ್ ಟಿಕೆಟ್ ಇಲ್ಲ. ಪಟ್ಟಿಯ ಕೊನೆಯ ಹೆಸರು ನನ್ನದು, ಇಲ್ಲಿಯೂ ಶಾಯಿಯಲ್ಲಿ. ಕೆಮಿಸ್ಟ್ರಿಯ ಪ್ರೊಫೆಸರು ಕರೆಸಿದರು. ಒಳ್ಳೆಯ ಮನುಷ್ಯ, ಮೂರು ಹೆಣ್ಣುಮಕ್ಕಳ ತಂದೆ ಎಂದು ಆಮೇಲೆ ಗೊತ್ತಾಯಿತು.

"ಪ್ರತಿ ತಿಂಗಳು ಮೂರು ದಿನ ಕಟ್ ಮಾಡ್ತೀಯಲ್ಲಮ್ಮ, ಏನು ಸಮಾಚಾರ?"

"ಫೀವರ್ ಸರ್."

"ಪ್ರತಿ ತಿಂಗಳು? ಅದೂ ಮೂರೇ ದಿನ?" ಅವರಿಗೆ ಗಾಬರಿಯಾಯಿತು. "ಮಲೇರಿಯಾ ಇರಬೇಕು ಮಾರಾಯ್ತಿ. ಇದು ಮಲೆನಾಡಿನ ಬಾಗಿಲು, ಬೆಂಗಳೂರಲ್ಲ. ಆಸ್ಪತ್ರೆಗೆ ಹೋಗಿ ರಕ್ತ ತೋರಿಸು."

ನೆಲ ನೋಡುತ್ತ ಹೂಂ ಎಂದೆ. ಮಾರಾಯ್ತಿ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಬೈಗುಳವೋ ಎಂದು ಹೆದರಿದ್ದೆ. ಬೈಗುಳವೂ ಅಲ್ಲ, ಗೌರವವೂ ಅಲ್ಲ. ಎದುರಿನವಳು ತನ್ನವಳು ಎಂದುಕೊಂಡಾಗ ಈ ಕಡೆಯವರ ಬಾಯಿಂದ ಉದುರುವ ಮಾತು. ನನಗೆ ಅಷ್ಟು ಬೇಗ ಅದು ದಕ್ಕಿತೆಂದರೆ ಮಲೇರಿಯಾದ ಪುಣ್ಯ.

"ಇನ್ನು ಮುಂದೆ ಒಂದು ಪ್ರಾಕ್ಟಿಕಲ್ ತಪ್ಪಿದರೂ ನಾನೇನೂ ಮಾಡಕ್ಕಾಗಲ್ಲ," ಎಂದರು ಪ್ರೊಫೆಸರು. "ಪ್ರಿನ್ಸಿಪಾಲರ ಕೈಕಾಲು ಹಿಡಿದು ಇಷ್ಟಕ್ಕೆ ಒಪ್ಪಿಸಿದೀನಿ. ಗುರುವಾರ ಗುರುವಾರ ನಿನ್ನ ಮುಖ ಲ್ಯಾಬಿನಲ್ಲಿ ಕಾಣಬೇಕು."

ಅತ್ತೆಗೆ ನಾನು ಹೇಳಿದ್ದು ರೈಲಿನ ತೊಂದರೆ ಮಾತ್ರ. ಊರೊಳಗೆ ಒಂದು ಕೋಣೆ ಸಿಕ್ಕರೆ ವರ್ಷ ಉಳಿಯುತ್ತದೆ ಎಂದೆ. ಮಾವ ನನ್ನ ಪರ ನಿಂತರು. ಆಗಿನ ಶಿವಮೊಗ್ಗದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲು ನನ್ನಂಥ ನಡುವೆ ಬಂದವಳಿಗೆ ಜಾಗ ಕೊಡುವ ಸ್ಥಿತಿಯಲ್ಲಿರಲಿಲ್ಲ. ಮನೆ ಹುಡುಕಿದೆವು. 'ಒಬ್ಬಳೇನಾ?' ಎಂದು ಶುರುವಾಗುತ್ತಿದ್ದ ಮಾತು 'ಇಲ್ಲ' ಎಂದು ಮುಗಿಯುತ್ತಿತ್ತು. ಒಂದು ಮನೆಯಲ್ಲಿ ಮಾವನನ್ನೇ ಅನುಮಾನದಿಂದ ನೋಡಿ "ನೀವು ಇವಳಿಗೆ ಏನಾಗ್ಬೇಕು?" ಎಂದು ಎರಡು ಸಲ ಕೇಳಿದರು. ಪಾಪ, ಮಾವ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಕೊನೆಗೆ ಕೋಟೆ ಎನ್ನುವ ಊರಿನ ಹಳೆಯ ಭಾಗದಲ್ಲಿ, ದೇವಸ್ಥಾನದ ಹಿಂದಿನ ಓಣಿಯಲ್ಲಿ, ಗೌರಮ್ಮನವರ ಮನೆ. ಲಿಂಗವಂತರು. ಗಂಡ ಹೋಗಿ ಮೂರು ವರ್ಷ, ಮಕ್ಕಳಿಲ್ಲ. ಇದ್ದವರು ಅವರು ಮತ್ತು ಗಂಡನ ತಂದೆ, ಕಿವಿ ಮಂದವಾದ ಅಜ್ಜ. ಹೊಳೆಹೊನ್ನೂರಿನ ಗದ್ದೆಯಿಂದ ವರ್ಷದ ಅಕ್ಕಿ ಬರುತ್ತಿತ್ತು. ನಲವತ್ತರ ಒಳಗಿನ ಹೆಂಗಸು, ಹಣೆತುಂಬ ವಿಭೂತಿ, ಗಂಡಸರ ಹಾಗೆ ದೊಡ್ಡ ದನಿ.

"ಅಡುಗೆ ಬೇರೆ ಮಾಡ್ಕೋತಾಳೆ ಬಿಡಿ, ನೀವು ನಮ್ಮನೇಲಿ ಉಣ್ಣಲ್ಲ ಅಂತ ಗೊತ್ತು," ಎಂದರು ನನ್ನ ಮಾವನಿಗೆ. "ಬಾವಿ ನೀರು ಸೇದ್ಕೊಳ್ಳಲಿ. ಬಾವಿಗೆ ಜಾತಿ ಇಲ್ಲ. ಒಂದೇ ಮಾತು, ದೀಪ ಹಚ್ಚೋ ಹೊತ್ತಿಗೆ ಮನೇಲಿರಬೇಕು. ಇಲ್ಲಾಂದ್ರೆ ಓಣಿಯೋರಿಗೆ ನಾನು ಉತ್ತರ ಕೊಡಕ್ಕಾಗಲ್ಲ."

ಪಡಸಾಲೆಯ ಪಕ್ಕದ ಕೋಣೆ ನನ್ನದಾಯಿತು. ಬತ್ತಿಯ ಸ್ಟವ್ ಒಂದು, ಎರಡು ಪಾತ್ರೆ. ಅಡುಗೆ ನನಗೆ ಬರುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ನಮಗೆ ಲೇಸ್ ಹೆಣೆಯಲು, ಪಿಯಾನೋದ ಮೇಲೆ ಎರಡು ಹಿಮ್ ನುಡಿಸಲು, ಸೂಪನ್ನು ಸದ್ದಿಲ್ಲದೆ ಕುಡಿಯಲು ಕಲಿಸಿದ್ದರು. ಅನ್ನ ತಳ ಹತ್ತದ ಹಾಗೆ ಮಾಡುವುದನ್ನು ಯಾರೂ ಹೇಳಿರಲಿಲ್ಲ. ಗೌರಮ್ಮ ಬಾಗಿಲಲ್ಲಿ ನಿಂತು "ಏನು ಮಾರಾಯ್ತಿ, ಕಾಲೇಜಿನಲ್ಲಿ ಸುಡೋದು ಸಾಲದು ಅಂತ ಇಲ್ಲೂ ಸುಡ್ತೀಯಾ?" ಎನ್ನುತ್ತಿದ್ದರು. ಜಗಲಿಯ ಮೇಲಿನ ಅಜ್ಜ ದಿನಾ ಬೆಳಿಗ್ಗೆ ನಾನು ಪುಸ್ತಕ ಎದೆಗವಚಿ ಹೊರಟರೆ "ಯಾವೂರಾತು ತಂಗಿ?" ಎಂದು ಹೊಸದಾಗಿ ಕೇಳುತ್ತಿದ್ದರು. ಮೊದಮೊದಲು ಬೆಂಗಳೂರು ಎನ್ನುತ್ತಿದ್ದೆ. ಆಮೇಲೆ ಭದ್ರಾವತಿ ಎಂದೆ. ಕೇಳುವವರಿಗೆ ಕೇಳುತ್ತಿರಲಿಲ್ಲವಾದ್ದರಿಂದ ಯಾವುದಾದರೂ ನಡೆಯುತ್ತಿತ್ತು.

ಕಷ್ಟವಾಗುತ್ತಿದ್ದದ್ದು ಭಾನುವಾರ. ವಾರದ ದಿನಗಳಿಗೆ ಒಂದು ಟೈಮ್‌ಟೇಬಲ್ ಇತ್ತು. ಭಾನುವಾರಕ್ಕೆ ಏನೂ ಇರಲಿಲ್ಲ. ಹಾಸ್ಟೆಲಿನ ಭಾನುವಾರ ಎಂದರೆ ಚಾಪೆಲ್ಲಿನ ಹಾಡು, ಕಸ್ಟರ್ಡು, ತಲೆ ಬಾಚುವ ಸಾಲು. ಕ್ರೈಸ್ತರಲ್ಲದ ನಾವೂ ಹಾಡುತ್ತಿದ್ದೆವು. ಇಲ್ಲಿ ತಲೆ ಬಾಚಿಕೊಂಡು, ಜಡೆ ಹೆಣೆದುಕೊಂಡು, ಜಡೆ ಬಿಚ್ಚಿ ಮತ್ತೆ ಹೆಣೆದುಕೊಂಡದ್ದು ನೆನಪಿದೆ. ಅಮ್ಮನ ನೆನಪು ಬರುತ್ತಿದ್ದದ್ದೂ ಆಗಲೇ. ಹದಿನೈದು ದಿನಕ್ಕೊಮ್ಮೆ ರೈಲು ಹತ್ತಿ ಅತ್ತೆಯ ಮನೆಗೆ ಹೋಗಿ, ಸಾರು ಅನ್ನ ಉಂಡು, ಮಸಿ ಹಿಡಿದ ಬಟ್ಟೆಯ ಜೊತೆ ಹಿಂದಿರುಗುತ್ತಿದ್ದೆ.

ಕೋಟೆಗೆ ಬಂದ ಮೂರನೇ ವಾರ. ಗುರುವಾರ. ಬೆಳಿಗ್ಗೆ ಎದ್ದರೆ ಮೈ ಹೇಳಿತು, ದಿನ ಬಂದಿದೆ. ಯಾರೂ ಏನೂ ಹೇಳಲಿಲ್ಲ. ಹೇಳಲು ಅಲ್ಲಿ ಯಾರೂ ಇರಲೇ ಇಲ್ಲ, ಅತ್ತೆ ಹತ್ತು ಮೈಲಿ ದೂರ. ನಾನೇ ಚಾಪೆ ಸುತ್ತಿಕೊಂಡೆ, ಲೋಟ ತಟ್ಟೆ ಎತ್ತಿಕೊಂಡೆ, ಗೋಡೆಗೆ ತಾಗದ ಹಾಗೆ ಮೈ ಮುದುಡಿಕೊಂಡು ಹಿತ್ತಲಿಗೆ ಹೋಗಿ ಬಚ್ಚಲ ಗೋಡೆಯ ನೆರಳಿನಲ್ಲಿ ಕೂತೆ. ಪ್ರಾಕ್ಟಿಕಲ್ ಹನ್ನೊಂದಕ್ಕೆ. ಅದು ನೆನಪಿತ್ತು. ಹಾಲ್ ಟಿಕೆಟ್ಟೂ, ಡ್ರಾಯಿಂಗ್ ಆಫೀಸಿನ ಹುಡುಗನೂ ನೆನಪಿದ್ದರು. ಆದರೂ ಕೂತೆ. ಪೂಜೆಯ ಮನೆ, ದೇವಸ್ಥಾನದ ಬೆನ್ನಿಗಂಟಿದ ಮನೆ, ಇವರಿಗೆ ಗೊತ್ತಿಲ್ಲದೆ ಇವರ ಮನೆ ಮೈಲಿಗೆ ಮಾಡಬಾರದು ಎನ್ನಿಸಿತು. ಅಳು ಬರುತ್ತಿತ್ತು, ಅಳುತ್ತಲೇ ಕೂತಿದ್ದೆ. ಈಗ ಯೋಚಿಸಿದರೆ ಬೇಸರವಾಗುತ್ತದೆ. ಬಾಗಿಲು ತೆರೆದಿದ್ದರೂ ನಾನೇ ಚಿಲಕ ಹಾಕಿಕೊಂಡೆ.

ನೀರಿಗೆ ಬಂದ ಗೌರಮ್ಮ ನೋಡಿದರು.

"ಯಾಕೇ? ಯಾರಾದ್ರೂ ಏನಾದ್ರೂ ಅಂದ್ರಾ? ಅಜ್ಜ ಬೈದ್ರಾ?"

"ಇಲ್ಲ ಆಂಟಿ. ಮೂರು ದಿನ ನಾನು ಒಳಗೆ ಬರಲ್ಲ. ಹತ್ತಿರ ಬರಬೇಡಿ."

ಅವರಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಕೊಡವನ್ನು ಕಟ್ಟೆಯ ಮೇಲೆ ಕುಕ್ಕಿ ನಕ್ಕರು. ಓಣಿಗೆಲ್ಲ ಕೇಳುವ ಹಾಗೆ ನಕ್ಕರು.

"ಅಯ್ಯ ಇವಳ! ಅದಕ್ಕೆ ಬಚ್ಚಲ ಮುಂದೆ ತಪಸ್ಸಾ? ನಮ್ಮಲ್ಲಿ ಅದೆಲ್ಲಾ ಇಲ್ಲ ಮಾರಾಯ್ತಿ. ಮೈಮೇಲೆ ಲಿಂಗ ಇರೋಳಿಗೆ ಯಾವ ಮೈಲಿಗೆ? ನಂಗೂ ನಿನ್ನೆಯಿಂದ ಹಂಗೇ ಐತೆ. ಬೆಳಿಗ್ಗೆ ಪೂಜೆ ಮಾಡ್ದೆ, ರೊಟ್ಟಿ ತಟ್ಟಿದೆ, ಅಜ್ಜನಿಗೆ ಬಡಿಸ್ದೆ. ಮನೆ ಬಿತ್ತಾ ನೋಡು."

ನಾನು ಮನೆಯನ್ನು ನಿಜಕ್ಕೂ ನೋಡಿದೆ. ಹೆಂಚು ಅಲ್ಲೇ ಇದ್ದವು. ಮುಟ್ಟಾದ ಹೆಂಗಸು ದೇವರನ್ನು ಮುಟ್ಟುವ ಮನೆ ಈ ಭೂಮಿಯ ಮೇಲೆ, ಅದೂ ನಮ್ಮ ಹಾಗೇ ಹಣೆಗೆ ಇಟ್ಟುಕೊಳ್ಳುವವರಲ್ಲಿ, ಇರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಸಿಸ್ಟರುಗಳು ಇದನ್ನು ಪಾಲಿಸದಿದ್ದದ್ದು ಅವರ ಮತ ಬೇರೆಯಾದ್ದರಿಂದ ಎಂದುಕೊಂಡಿದ್ದೆ.

"ಆದರೆ ಆಂಟಿ, ನನಗೆ ಲಿಂಗ ಇಲ್ಲವಲ್ಲ."

"ಇಲ್ಲ, ಸರಿ. ಕಾಲೇಜಿಗೆ ಹೋಗಕ್ಕೆ ಲಿಂಗ ಬೇಕಾ? ಇವತ್ತು ಗುರುವಾರ ಅಲ್ವಾ? ಗುರುವಾರ ತಪ್ಪಿದ್ರೆ ಮದುವೆ ಮಾಡ್ತಾರೆ ಅಂತ ನೀನೇ ಅಂದಿದ್ದೆ. ಏಳು, ಮುಖ ತೊಳಿ."

ನನ್ನ ಸ್ಟವ್ ಹಚ್ಚಲು ಹೊತ್ತಿರಲಿಲ್ಲ. ಅವರ ಅಡುಗೆಮನೆಯಲ್ಲಿ, ಅವರ ಮಣೆಯ ಮೇಲೆ ಕೂರಿಸಿ ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಹಾಕಿದರು. ಹೊತ್ತಾಯಿತೆಂದು ಒಂದು ತುಂಡು ಬಿಟ್ಟೆ. "ತಟ್ಟೇಲಿ ಬಿಡಬಾರದು, ಪ್ರಸಾದ ಅದು," ಎಂದರು. ಅವರಲ್ಲಿ ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುತ್ತಾರೆ. ಬಿಟ್ಟ ತುಂಡನ್ನು ತಿಂದೆ. ಅತ್ತೆಯ ಎರಡು ಕಟ್ಟಳೆಗಳನ್ನು ಒಂದೇ ಬೆಳಿಗ್ಗೆ ಮುರಿದು ಎದ್ದೆ.

ಕೋಟೆಯಿಂದ ಕಾಲೇಜಿಗೆ ನಡೆಯುವಾಗ ಇಡೀ ಬಜಾರು ನನ್ನನ್ನೇ ನೋಡುತ್ತಿದೆ ಎನ್ನಿಸಿತು. ಸೀಮೆಎಣ್ಣೆಯ ಸಾಬರು ಎಂದಿನಂತೆ "ಆವೋ ಬೇಟಿ" ಎಂದರು. ಅವರಿಗೂ ತಿಳಿಯಲಿಲ್ಲ. ಲ್ಯಾಬಿನಲ್ಲಿ ಸಾಲ್ಟ್ ಅನಾಲಿಸಿಸ್ ಇತ್ತು. ಪ್ರನಾಳ ಹಿಡಿದೆ, ನನಗೆ ಬಂದ ಲವಣವನ್ನು ಸರಿಯಾಗಿ ಗುರುತು ಹಿಡಿದೆ. ಪ್ರೊಫೆಸರು ರೆಕಾರ್ಡಿಗೆ ಸಹಿ ಹಾಕುತ್ತ "ಜ್ವರ ಹೇಗಿದೆ?" ಎಂದರು. "ಬೆಟರ್ ಸರ್" ಎಂದೆ.

ಆ ಸಂತೋಷದಲ್ಲಿ ನಾನು ಹದ ತಪ್ಪಿದೆ. ಇದು ನನ್ನ ಮನೆ ಎಂದುಕೊಂಡುಬಿಟ್ಟೆ. ಮರುದಿನ ಬೆಳಿಗ್ಗೆ ಏನೋ ಕೇಳಲು ಒಳಕೋಣೆಗೆ ನೇರ ನುಗ್ಗಿದೆ. ಗೌರಮ್ಮ ಎಡಗೈಯ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಯಲ್ಲಿದ್ದರು. ನನ್ನ ಹೆಜ್ಜೆಯ ಸದ್ದಿಗೆ ಸೆರಗಿನಿಂದ ಅಂಗೈ ಮುಚ್ಚಿದರು.

"ಹೊರಗೆ ಹೋಗು ಮಗಾ."

ದನಿ ದೊಡ್ಡದಿರಲಿಲ್ಲ. ಅದಕ್ಕೇ ಇನ್ನೂ ಕೇಳುತ್ತದೆ. ಪೂಜೆ ಮುಗಿಸಿ ಬಂದು ಹೇಳಿದರು: ಲಿಂಗ ಕಟ್ಟಿಕೊಳ್ಳದವರನ್ನು ಅವರಲ್ಲಿ ಭವಿ ಎನ್ನುತ್ತಾರೆ, ಭವಿಯ ಕಣ್ಣು ಲಿಂಗದ ಮೇಲೆ ಬೀಳಬಾರದು. "ಬೇಜಾರು ಮಾಡ್ಕೋಬೇಡ. ನಮ್ಮ ತಂದೆ ತಾಯಿ ಹಂಗೆ ನಡೆಸ್ಕೊಂಡು ಬಂದಿದಾರೆ. ರೊಟ್ಟಿ ತಿನ್ನಕ್ಕೆ ಬಾ, ಪೂಜೆ ಹೊತ್ತಲ್ಲಿ ಮಾತ್ರ ಬೇಡ." ನಾನು ಬೇಜಾರು ಮಾಡಿಕೊಳ್ಳಲಿಲ್ಲ. ದಣಿವಾಯಿತು, ಅಷ್ಟೆ. ಪ್ರತಿ ಮನೆಯಲ್ಲೂ ಒಂದು ಗೆರೆ ಇರುತ್ತದೆ. ಒಂದು ಮನೆಯದನ್ನು ಕಲಿಯುವಷ್ಟರಲ್ಲಿ ಇನ್ನೊಂದು ಮನೆಯದು ಬೇರೆ ಕಡೆ ಎಳೆದಿರುತ್ತದೆ.

ಡಿಸೆಂಬರು, ಜನವರಿ ಹೀಗೇ ಕಳೆದವು. ಒಂದು ಗುರುವಾರವೂ ತಪ್ಪಲಿಲ್ಲ.

ಫೆಬ್ರವರಿಯಲ್ಲಿ ಅಮ್ಮನ ಮೊದಲ ವರ್ಷದ ತಿಥಿ ಬಂತು. ಅತ್ತೆಯ ಮನೆಯಲ್ಲೇ ಮಾಡುವುದೆಂದು ಅಪ್ಪ ರಜ ಹಾಕಿ ಬಂದಿದ್ದರು. ಹಿಂದಿನ ದಿನ ಮಧ್ಯಾಹ್ನ ನಾನು ರೈಲಿಳಿದು ಹೋದೆ. ಅತ್ತೆ ಕ್ಯಾಲೆಂಡರಿನ ಮುಂದೆ ನಿಂತಿದ್ದರು.

"ಬಂದ್ಯೇನೇ? ನಿನ್ನೆಗೆ ಮುಗಿದಿರಬೇಕಲ್ಲ ನಿನ್ನದು. ಸರಿಹೋಯ್ತು, ನಾಳೆ ಮಡಿನೀರು ನೀನೇ ತರಬೇಕು, ನಿನ್ನಮ್ಮನ ಕೆಲಸ. ತಲೆಗೆ ಹಾಕ್ಕೊಂಡೆ ತಾನೆ? ಆ ಮನೇಲಿ ಎಲ್ಲಿ ಕೂರ್ತೀಯ, ಹಿತ್ತಲಲ್ಲಿ ಜಾಗ ಇದೆಯಾ?"

ಇದೆ ಎಂದರೆ ಮುಗಿಯುತ್ತಿತ್ತು. ಹಿತ್ತಲು ಇತ್ತು, ಜಾಗವೂ ಇತ್ತು, ಸುಳ್ಳೂ ಆಗುತ್ತಿರಲಿಲ್ಲ. ನಿಜ ಹೇಳಿದರೆ ಅತ್ತೆ ನನ್ನನ್ನು ಕೋಟೆಗೆ ವಾಪಸು ಕಳಿಸುವುದಿಲ್ಲ. ಕಳಿಸದಿದ್ದರೆ ಮುಂದಿನ ತಿಂಗಳ ಆ ಮೂರು ದಿನದ ಗುರುವಾರ ಹೋಯಿತು, ಹಾಲ್ ಟಿಕೆಟ್ ಹೋಯಿತು, ವರ್ಷ ಹೋಯಿತು. ಎಲ್ಲ ನನಗೆ ಸ್ಪಷ್ಟವಾಗಿತ್ತು. ಬೇರೆ ದಿನವಾಗಿದ್ದರೆ ಇದೆ ಎನ್ನುತ್ತಿದ್ದೆ. ಆದರೆ ಮರುದಿನ ಅಮ್ಮನಿಗೆ ಎಲೆ ಹಾಕುವ ದಿನ. ಅತ್ತೆಯ ನಂಬಿಕೆ ನನ್ನದಾಗಿ ಉಳಿದಿರಲಿಲ್ಲ. ಹಾಗಂತ ಅವರ ನಂಬಿಕೆಗೆ ಮೋಸ ಮಾಡಿ, ಆ ನೀರಿನಲ್ಲಿ ಅಮ್ಮನ ಅನ್ನ ಬೇಯಿಸುವುದು ನನ್ನಿಂದ ಆಗಲಿಲ್ಲ.

"ಕೂರಲಿಲ್ಲ ಅತ್ತೆ," ಎಂದೆ. "ಕಾಲೇಜಿಗೆ ಹೋದೆ. ಮೂರು ದಿನವೂ. ಮೂರು ತಿಂಗಳಿಂದ ಹಾಗೇ. ಅವರ ಮನೇಲಿ ಊಟಾನೂ ಮಾಡಿದೀನಿ."

ಅತ್ತೆ ಕೂಗಾಡಲಿಲ್ಲ. ಗೋಡೆ ಹಿಡಿದು ಕೂತರು. ಮೂರು ತಿಂಗಳಲ್ಲಿ ನಾನು ಎಷ್ಟು ಸಲ ಬಂದು ಅವರ ಅಡುಗೆಮನೆ ಹೊಕ್ಕಿದ್ದೆ, ಏನೇನು ಮುಟ್ಟಿದ್ದೆ ಎಂದು ಲೆಕ್ಕ ಹಾಕುತ್ತಿದ್ದಾರೆಂದು ಮುಖ ನೋಡಿದರೆ ತಿಳಿಯುತ್ತಿತ್ತು.

"ನನಗೊಂದು ಮಾತು ಹೇಳಬಾರದಿತ್ತೇನೇ?" ಎಂದರು ಕೊನೆಗೆ. "ದೇವರ ಮುಂದೆ ನನ್ನನ್ನ ಹೀಗೆ ನಿಲ್ಲಿಸಿದೆಯಲ್ಲ. ಸಾಕು. ಆ ಮನೆ ಬೇಡ, ನಾಳಿದ್ದಿನಿಂದ ಇಲ್ಲೇ ಇರು."

ಅಪ್ಪ ಬಾಗಿಲ ಬಳಿಯ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದರು. ಇಂಥ ಮಾತುಗಳು ನಡೆಯುವಾಗ ಗಂಡಸರು ಎದ್ದುಹೋಗುವುದು ವಾಡಿಕೆ. ಅವರು ಏಳಲಿಲ್ಲ. ಪೇಪರು ಮಡಚಿದರು, ಮತ್ತೆ ಬಿಡಿಸಿದರು.

"ಪರೀಕ್ಷೆ ಯಾವಾಗ ವತ್ಸೂ?"

"ಮಾರ್ಚ್ ಕೊನೆಗೆ. ಒಂದು ಪ್ರಾಕ್ಟಿಕಲ್ ತಪ್ಪಿದರೂ ಕೂರಿಸಲ್ಲ."

"ಮೂರು ದಿನ ತಪ್ಪಿದ್ದಕ್ಕೇನಾ ಷಾರ್ಟೇಜ್ ಆಗಿದ್ದು?" ಅವರ ಕಿವಿ ಕೆಂಪಾಗಿತ್ತು. ನಾನು ಹೂಂ ಎಂದೆ. ಅಪ್ಪ ಅಕ್ಕನ ಕಡೆ ನೋಡಲಿಲ್ಲ, ಪೇಪರನ್ನೇ ನೋಡುತ್ತ ಹೇಳಿದರು. "ಅಕ್ಕಾ, ಅವಳು ಪರೀಕ್ಷೆ ಬರೀಲಿ."

"ಬರೀಲಿ. ನಾನು ಬೇಡ ಅಂದ್ನೇನೋ?" ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಆ ಮನೇಲೇ ಇದ್ದು ಬರೀಲಿ. ಇಲ್ಲಿಗೂ ಬರಲಿ, ಅವಳ ಮನೆ ಇದು. ಅಡುಗೆಮನೆ ಒಂದು ಬಿಟ್ಟು."

ಮರುದಿನ ಮಡಿನೀರನ್ನು ಬೇರೆಯವರು ತಂದರು. ನಾನು ಮುಂಬಾಗಿಲ ಮೆಟ್ಟಿಲ ಮೇಲೆ ಕೂತು ಒಳಗಿನ ಮಂತ್ರ ಕೇಳಿಸಿಕೊಂಡೆ. ಕಮಲಕ್ಕ ಬೇಲಿಯ ಹತ್ತಿರ ಬಂದು, ವಿಷಯ ತಿಳಿದವರ ಹಾಗೆ, "ಅಳಬೇಡ ಪಾಪ್ಪಾ, ಅಮ್ಮಂಗೆ ಬಾಗಿಲಿಂದಾನೂ ಕಾಣ್ಸತ್ತೆ" ಎಂದು ಹೇಳಿ ಹೋದರು.

ಹಾಲ್ ಟಿಕೆಟ್ ಕೊಡುವಾಗ ಗುಮಾಸ್ತರು "ತಗೋ ಟ್ರಾನ್ಸ್‌ಫರ್ ಕೇಸು, ಗೆದ್ದೆ" ಎಂದರು. ಪರೀಕ್ಷೆಯ ವಾರದಲ್ಲೂ ಆ ಮೂರು ದಿನ ಬಂದವು, ಆ ಮೂರು ದಿನವೂ ಬರೆದೆ. ಸೆಕೆಂಡ್ ಕ್ಲಾಸ್ ಬಂತು. ಡ್ರಾಯಿಂಗ್ ಆಫೀಸಿನ ಹುಡುಗನಿಗೆ ಬೇರೆ ಕಡೆ ಮದುವೆಯಾಯಿತು. ಮುಂದಿನ ವರ್ಷವನ್ನೂ ಕೋಟೆಯಲ್ಲೇ ಓದಿ, ಶಿವಮೊಗ್ಗದಲ್ಲೇ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸೈನ್ಸ್ ಟೀಚರಾದೆ. ಬೆಂಗಳೂರಿಗೆ ಹಿಂದಿರುಗುವ ಮಾತು ಎರಡು ಮೂರು ಸಲ ಬಂತು. ಅಲ್ಲಿ ಹೋದರೆ ನನಗೆ ಯಾರೂ ಏನೂ ಕೇಳುತ್ತಿರಲಿಲ್ಲ. ಯಾರೂ ಏನೂ ಕೇಳದ ಊರಿಗೆ ಹೋಗಲು ಮನಸ್ಸು ಬರಲಿಲ್ಲ, ಅಷ್ಟೇ ನನಗೆ ತಿಳಿದಿರುವ ಕಾರಣ.

ಆ ಎರಡನೇ ವರ್ಷದ ರಿಸಲ್ಟ್ ಬಂದ ದಿನ ಎರಡೂ ಮನೆಗೆ ಸಿಹಿ ಕೊಡಬೇಕೆಂದು ಬಜಾರಿಗೆ ಹೋದೆ. ಅಂಗಡಿಯ ಮುಂದೆ ನಿಂತು ಬಹಳ ಹೊತ್ತು ಯೋಚಿಸಿದೆ. ಬೇಯಿಸಿದ್ದನ್ನು ಅತ್ತೆ ನನ್ನ ಕೈಯಿಂದ ತೆಗೆದುಕೊಳ್ಳುವುದಿಲ್ಲ. ಭವಿ ತಂದ ಬೇಯಿಸಿದ್ದನ್ನು ಗೌರಮ್ಮ ಲಿಂಗಕ್ಕೆ ತೋರಿಸುವುದಿಲ್ಲ, ತೋರಿಸದೆ ಅವರು ಬಾಯಿಗಿಡುವುದಿಲ್ಲ. ಹಣ್ಣಿಗೆ ಮಾತ್ರ ಎಲ್ಲಿಯೂ ತಡೆಯಿಲ್ಲ. ಎರಡು ಚಿಪ್ಪು ಬಾಳೆಹಣ್ಣು ಕಟ್ಟಿಸಿಕೊಂಡೆ. ಒಂದನ್ನು ಗೌರಮ್ಮನಿಗೆ ಕೊಟ್ಟೆ. "ಪಾಸಾದ್ಯಲ್ಲೇ ಮಾರಾಯ್ತಿ!" ಎಂದು ನನ್ನ ಕೆನ್ನೆ ಹಿಂಡಿ, ಹಣ್ಣನ್ನು ಒಳಗೆ ತೆಗೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಇನ್ನೊಂದನ್ನು ಹಿಡಿದು ಸಂಜೆಯ ರೈಲಿಗೆ ಭದ್ರಾವತಿಗೆ ಹೋದೆ. ಅತ್ತೆ ಹಣ್ಣನ್ನು ಕಣ್ಣಿಗೊತ್ತಿಕೊಂಡರು, ದೇವರ ಮುಂದಿಟ್ಟರು, ಹೊರಗೆ ಬಂದು ನನ್ನ ಪಕ್ಕ ಕೂತು ತಲೆ ನೇವರಿಸಿದರು. ಊಟಕ್ಕೆ ಮುಂದಿನ ಕೋಣೆಯಲ್ಲಿ ಎಲೆ ಹಾಕಿದರು. ಹೋಳಿಗೆ ಮಾಡಿದ್ದರು. ಎರಡು ಸಾಕೆಂದರೂ ಮೂರನೆಯದನ್ನು ಹಾಕಿ, ತುಪ್ಪ ಸುರಿದರು.

ಅತ್ತೆ ಇರುವವರೆಗೆ, ಗೌರಮ್ಮ ಇರುವವರೆಗೆ, ಹೆಚ್ಚುಕಡಿಮೆ ಮೂವತ್ತು ವರ್ಷ, ನಾನು ಎರಡೂ ಮನೆಗೆ ಬಾಳೆಹಣ್ಣು ಹಿಡಿದೇ ಹೋದೆ. ಇಬ್ಬರೂ ನನ್ನನ್ನು ಮಗಳೆಂದೇ ನಾಲ್ಕು ಜನಕ್ಕೆ ಹೇಳುತ್ತಿದ್ದರು. ಆ ಹೊತ್ತಿಗೆ ನನಗೂ ಅಡುಗೆ ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು. ಈಗ ಗೋಪಾಳ ಬಡಾವಣೆಯ ನನ್ನ ಮನೆಯಲ್ಲಿ ಯಾರು ಬೇಕಾದರೂ ಒಲೆಯವರೆಗೆ ಬರಬಹುದು, ಬರುತ್ತಾರೆ, ಉಂಡು ಹೋಗುತ್ತಾರೆ. ಆ ಇಬ್ಬರಿಗೆ ಮಾತ್ರ ನಾನು ಒಂದು ಲೋಟ ಕಾಫಿ ಕೂಡ ಕಾಸಿಕೊಡಲಿಲ್ಲ.